ಅತ್ತಿ ತೋರಿಸಿದ ಗರಸಿನ ಹಾದಿ

ಅತ್ತೀ,

ಓದು ಬರದ ನಿನಗೆ ಕಾಗದ ಬರೆಯುತ್ತಿದ್ದೇನೆ ಅಂದರೆ ಮೊದಲು ನಗುವವಳೇ ನೀನು. ಇಳಕಲ್ಲಿನಿಂದ ನಿನ್ನ ಮಗನ ಕಾಗದ ಬಂದಾಗೆಲ್ಲ ನಾನು ಒಲೆಯ ಮುಂದೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ನೀನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅದನ್ನ ಮತ್ತೊಮ್ಮಿ ಓದು, ಅಲ್ಲಿ ಏನೋ ಮುಚ್ಚಿಟ್ಟಾನ ಅಂವ" ಅನ್ನುತ್ತಿದ್ದೆ. ಇದನ್ನೂ ಹಾಗೆಯೇ ಗಟ್ಟಿಯಾಗಿ ಓದುತ್ತಲೇ ಬರೆಯುತ್ತಿದ್ದೇನೆ. ಮುಚ್ಚಿಡುವಂಥದ್ದು ಏನೂ ಇಲ್ಲ. ಒಂದು ಸುದ್ದಿ ಇದೆ, ಅಷ್ಟೇ. ಆದರೆ ಅದನ್ನು ಈಗಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ಕೇಳುವುದಿಲ್ಲ, ಸೆರಗು ಕೊಡವಿ ಎದ್ದು ಹೋಗುತ್ತೀಯ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಸ್ವಲ್ಪ ಕೂಡು.

ನನಗೆ ನೌಕರಿಯ ಆರ್ಡರು ಬಂದ ದಿನ ನೆನಪಿದೆಯಾ? ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನೀನು ನನ್ನ ಅಪ್ಪನ ಅಕ್ಕ, ತಮ್ಮನ ಮಗಳನ್ನೇ ಸೊಸೆ ಮಾಡಿಕೊಂಡವಳು. ಹಾಗಾಗಿ ಚೊಳಚಗುಡ್ಡದ ಆ ಮನೆಯಲ್ಲಿ ನನಗೆ ಹೊಸದೇನೂ ಇರಲಿಲ್ಲ, ಸಣ್ಣವಳಿದ್ದಾಗ ಅಲ್ಲಿ ಬಾರಿಹಣ್ಣು ಕದ್ದು ನಿನ್ನಿಂದಲೇ ಬೈಸಿಕೊಂಡವಳು. ನೀನು ಊರೆಲ್ಲ ತಿರುಗಿ, "ನಮ್ಮ ಹುಡಿಗಿ ಕೆಂಪಮರಡಿ ಸಾಲಿ ಅಕ್ಕೋರು ಆದ್ಲು" ಎಂದು ಸಕ್ಕರೆ ಹಂಚಿ ಬಂದೆ. ಆ ಕೆಂಪಮರಡಿ ಎಲ್ಲಿದೆ, ಅಲ್ಲಿಗೆ ಹೋಗುವುದು ಹೇಗೆ ಎಂದು ಆ ದಿನ ಇಬ್ಬರೂ ಕೇಳಿಕೊಳ್ಳಲಿಲ್ಲ ನೋಡು. ಸಂಭ್ರಮದಲ್ಲಿ ಮರೆತೇಬಿಟ್ಟಿದ್ದೆವು.

ಮೊದಲ ತಿಂಗಳಿನಲ್ಲೇ ಗೊತ್ತಾಯಿತು. ಬಸ್ಸು ಹಿಡಿದು ಬಾದಾಮಿಗೆ ಹೋಗಬೇಕು, ಅಲ್ಲಿ ಪಟ್ಟದಕಲ್ಲಿನ ಬಸ್ಸಿಗೆ ಕಾಯಬೇಕು, ನಡುದಾರಿಯಲ್ಲಿ ಇಳಿದು ಹೊಲದ ಹಾದಿ ತುಳಿಯಬೇಕು. ನಾನು ಬೆವರು ಒರೆಸಿಕೊಳ್ಳುತ್ತ ಸಾಲಿ ಮುಟ್ಟುವ ಹೊತ್ತಿಗೆ ಮಕ್ಕಳು ಪ್ರಾರ್ಥನೆ ಮುಗಿಸಿ, ಮಗ್ಗಿ ಮುಗಿಸಿ, ಜಗಳಕ್ಕೆ ಕೂತಿರುತ್ತಿದ್ದವು. ಹೆಡ್‌ಮಾಸ್ತರು ಹುನಗುಂದದವರು, ಬೈಯಲು ಬಾರದ ಮನುಷ್ಯ. ಬೈಯುವ ಬದಲು ಮೂಗಿಗೆ ನಶ್ಯ ಏರಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು: "ಬಾಯಾರ, ಎಷ್ಟ ದಿವಸ ಅಂತ ನಾ ಸುಮ್ಮನಿರಲಿ? ಮಳಿಗಾಲದಾಗ ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ತಾರ. ಅವರ ಮುಂದೂ ತಡಾ ಆದ್ರ ನಿಮ್ಮ ನೌಕರಿ ಕಾಯಂ ಆಗೂದಿಲ್ಲ ನೋಡ್ರಿ. ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ." ಆ ನೀರು ನನ್ನ ಸಲುವಾಗಿ ಬಂತೋ ನಶ್ಯದ ಸಲುವಾಗಿ ಬಂತೋ, ಇವತ್ತಿಗೂ ಗೊತ್ತಿಲ್ಲ.

ಆ ರವಿವಾರ ನಿನ್ನ ಮಗ ಇಳಕಲ್ಲಿನಿಂದ ಬಂದಿದ್ದ. ಕಲ್ಲು ಪಾಲಿಶ್ ಮಾಡುವ ಕೆಲಸ, ವಾರಕ್ಕೊಮ್ಮೆ ಮನೆ, ಕೂದಲ ತುಂಬ ಬಿಳಿ ಧೂಳು. ನಾನು ಅಳುತ್ತ ಎಲ್ಲ ಹೇಳಿದೆ. ಪಾಪ, ಅವನಿಗೆ ಹೆಂಡತಿಯ ಅಳು ಕಂಡರೆ ಜೀವ ಹೋಗುತ್ತದೆ. "ಇಷ್ಟ್ಯಾಕ ತ್ರಾಸ ತಗೋತಿ? ಬಿಟ್ಟಬಿಡು ನೌಕರಿ. ಇಳಕಲ್ಲಿಗೆ ಬಾ, ಇಬ್ರೂ ಅಲ್ಲೇ ಇರೂಣು" ಅಂದ. ನೀನು ಹಿತ್ತಲಲ್ಲಿ ಆಡಿಗೆ ಸೊಪ್ಪು ಹಾಕುತ್ತಿದ್ದವಳು ಅಲ್ಲಿಂದಲೇ ಕೂಗಿದೆ: "ಇಳಕಲ್ಲಿನ್ಯಾಗ ಏನ ಮಾಡ್ತಾಳ? ನಿನ್ನ ಕಲ್ಲಿಗೆ ಪಾಠ ಹೇಳ್ತಾಳೇನು?" ಒಳಗೆ ಬಂದು ನನ್ನ ಗಲ್ಲ ಹಿಡಿದೆತ್ತಿ ನೋಡಿದೆ. "ಸಾಲಿ ಬಿಟ್ಟು ಮನ್ಯಾಗ ಕುಂತ್ರ ಈ ಮಾರಿ ಹೆಂಗ ಆಕ್ಕೈತಿ ಅಂತ ನನಗ ಗೊತ್ತೈತಿ. ಅದನ್ನ ದಿನಾ ನೋಡಾಕ ನನಗ ಆಗೂದಿಲ್ಲ." ಆಮೇಲೆ ಗೋಡೆಗೆ ಒರಗಿಸಿದ್ದ ನಿನ್ನ ಮಗನ ಹಳೆಯ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು, "ಇದನ್ನ ಹೊಡಿ" ಅಂದೆ. ನಿನ್ನ ಮಗ ನಕ್ಕ. ನಾನೂ ನಕ್ಕೆ. ನೀನು ಮಾತ್ರ ನಗಲಿಲ್ಲ.

ಗಂಡಸರ ಸೈಕಲ್ಲು ಅದು, ನಡುವೆ ಅಡ್ಡ ದಂಡಿ. ನನ್ನ ಮೈಮೇಲೆ ನೆರಿಗೆ ಹಿಡಿದುಟ್ಟ ವಾಯಲ್ ಸೀರೆ. ಕಾಲು ಎತ್ತಿದರೆ ಸೀರೆ ಅಡ್ಡ, ಸೀರೆ ಎತ್ತಿದರೆ ಮಾನ ಅಡ್ಡ. "ಕಚ್ಚಿ ಹಾಕು" ಅಂದೆ ನೀನು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಟಿ.ಸಿ.ಎಚ್. ಮಾಡಿದಾಕಿ ನಾ. ಕಸಾ ಕೀಳಾಕ ಹೊಂಟಂಗ ಕಚ್ಚಿ ಹಾಕ್ಕೊಂಡು ಸಾಲಿಗೆ ಹೋಗ್ಲೇನು?" ನೀನು ಪೆಟ್ಟಿಗೆಯಿಂದ ನಿನ್ನ ಒಂಬತ್ತು ವಾರಿಯ ಇಳಕಲ್ ಸೀರೆ ತೆಗೆದೆ, ಆ ದಾಳಿಂಬೆ ಬಣ್ಣದ್ದು, ಕೆಂಪು ಸೆರಗಿನದು. ನನ್ನನ್ನು ಕಂಬದಂತೆ ನಿಲ್ಲಿಸಿ ಉಡಿಸಿದೆ, ಕಾಲ ನಡುವಿನಿಂದ ತೆಗೆದು ಬೆನ್ನ ಹಿಂದೆ ಗಟ್ಟಿಯಾಗಿ ಸಿಗಿಸಿದೆ. "ಸಾಲಿ ಬಂದ ಮ್ಯಾಲ ಕಚ್ಚಿ ಬಿಚ್ಚಿ ಬಿಡು. ಹಾದ್ಯಾಗ ನಿನ್ನ ನೋಡಾವ್ರು ಯಾರದಾರ? ನವಲು." ಅತ್ತೀ, ಆ ಸೀರೆಯಲ್ಲಿ ನನ್ನ ಎರಡು ಕಾಲೂ ಬೇರೆ ಬೇರೆ ಆದವು! ಅಂಗಳದಲ್ಲಿ ದಂಡಿಯ ಮೇಲೆ ಕಾಲು ದಾಟಿಸಿದಾಗ ನನಗೇ ನಾಚಿಕೆ, ನನಗೇ ಖುಷಿ.

ಬನಶಂಕರಿ ಹೊಂಡದ ಹಿಂದಿನ ಬಯಲಿನಲ್ಲಿ ನನಗೆ ಸೈಕಲ್ಲು ಕಲಿಸಿದ್ದು ನೀನು. ನಿನಗೇ ಬಾರದ್ದನ್ನು ನೀನು ಹೇಗೆ ಕಲಿಸಿದೆಯೋ! ದವಡೆಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದೆ. "ಮುಂದ ನೋಡು, ಕೆಳಗ ನೋಡಬ್ಯಾಡ. ಕೆಳಗ ನೋಡಿದಾಕಿ ಕೆಳಗ ಬೀಳ್ತಾಳ." ಒಂದು ಸಂಜೆ ನಾನು, "ಬಿಡಬ್ಯಾಡತ್ತೀ, ಬಿಡಬ್ಯಾಡ" ಎಂದು ಕೂಗುತ್ತಲೇ ಬಯಲಿನ ಆ ತುದಿ ಮುಟ್ಟಿದೆ. ಉತ್ತರ ಬರಲಿಲ್ಲವಲ್ಲ ಎಂದು ತಿರುಗಿದರೆ ನೀನು ಈ ತುದಿಯಲ್ಲಿ ಕಲ್ಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಯಾವಾಗ ಬಿಟ್ಟಿದ್ದೆಯೋ ಏನೋ. ತಿರುಗಿ ನೋಡಿದ ತಪ್ಪಿಗೆ ನಾನು ಬಿದ್ದೆ, ಮೊಣಕಾಲು ಸುಲಿಯಿತು. ನೀನು ಓಡಿ ಬಂದು ಮೊದಲು ನೋಡಿದ್ದು ಸೈಕಲ್ಲಿನ ಗಾಲಿಯನ್ನು.

ಹಾದಿಯ ಮಾತಿಗೆ ಬರೋಣ. ಅಲ್ಲಿ ನೀನು ಮಾಡಿದ ಘನಕಾರ್ಯ ಊರಿಗೆಲ್ಲ ಗೊತ್ತು, ಆದರೂ ಹೇಳಿಯೇ ತೀರುತ್ತೇನೆ. ನೀನು ಹುಟ್ಟಿದ್ದೇ ಕುರಿಹಟ್ಟಿಯಲ್ಲಿ. ನಮ್ಮ ಅಜ್ಜನ ಕುರಿ ಹಿಂದೆ ಆ ಮರಡಿ ಗುಡ್ಡಗಳನ್ನೆಲ್ಲ ತುಳಿದವಳು. ಅದಕ್ಕೇ, "ಕೆಂಪಮರಡಿಗೆ ಹೋಗಾಕ ಡಾಂಬರ್ ರಸ್ತೆ ಯಾಕ? ಅಡ್ಡ ಹಾದಿ ಐತಿ, ಭಾಳ ಚಂದಂದು. ಬಾ ತೋರಸ್ತೇನಿ" ಎಂದು ರವಿವಾರ ಕ್ಯಾರಿಯರ್ ಹತ್ತಿ ಕೂತೆ. ಬೀರಪ್ಪ ದೇವರಿಗೆ ಕೈ ಮುಗಿದು ಹೊರಟೆವು. ಹಾದಿ ನಿಜವಾಗಿಯೂ ಚಂದವಿತ್ತು. ತಂಪು ನೆರಳು, ಎರಡೂ ಕಡೆ ಜಾಲಿ ಗಿಡಗಳ ಸಾಲು. ಸ್ವಲ್ಪ ದೂರ ಹೋಗುವುದರಲ್ಲಿ ಮುಂದಿನ ಗಾಲಿ ಸುಸ್ ಅಂದಿತು. ನಾನು ಇಳಿದು ನೋಡುವುದರಲ್ಲಿ ಹಿಂದಿನದೂ ಸುಸ್. ಎರಡೂ ಟಾಯರಿನ ತುಂಬ ಜಾಲಿಮುಳ್ಳು! "ಇದೇನ ಹಾದಿ ಅತ್ತೀ?" ಎಂದು ನಾನು ಅಳುವಂತಾದರೆ ನಿನಗೆ ಆಶ್ಚರ್ಯವೋ ಆಶ್ಚರ್ಯ. "ಇದರಂಥಾ ಹಾದೀನ ಇಲ್ಲ ನೋಡು. ಜಾಲಿಕಾಯಿ ಅಂದ್ರ ಕುರಿಗೆ ಜೀವ." ನಾನು ಅಂದೆ, "ಕುರಿಗೆ ಟಾಯರ್ ಇರೂದಿಲ್ಲತ್ತೀ!" ನೀನು ನನ್ನ ಮುಖ ನೋಡಿದೆ, ಟಾಯರು ನೋಡಿದೆ, ಮೇಲೆ ಗಿಡ ನೋಡಿದೆ. ಅಲ್ಲೇ ಹಾದಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದೆಯಲ್ಲ, ಮುಳ್ಳಿನ ಮೇಲೆ ಕೂತದ್ದು ಆಮೇಲೆ ಗೊತ್ತಾಯಿತು. ಸೈಕಲ್ಲು ನೂಕಿಕೊಂಡು ಮನೆಗೆ ಬಂದೆವು. ದಾರಿಯುದ್ದಕ್ಕೂ ಒಮ್ಮೆ ನೀನು ನಗುವುದು, ಒಮ್ಮೆ ನಾನು.

ಮರುದಿನ ನಸುಕಿನಲ್ಲೇ ನೀನು ಎದ್ದು ಎಲ್ಲಿಗೋ ಹೋಗಿದ್ದೆ. ಮಧ್ಯಾಹ್ನ ಹೊಳ್ಳಿ ಬಂದವಳ ಕಾಲತುಂಬ ಕೆಂಪು ಧೂಳು, ಮುಖದತುಂಬ ಗೆಲುವು. "ತಿಳೀತವಾ. ಕುರಿಗೆ ಬೇಕಾದ ಹಾದಿ ಟಾಯರಿಗೆ ಬ್ಯಾಡ. ಕುರಿಗೆ ಬ್ಯಾಡಾದ ಹಾದೀನ ಟಾಯರಿಗೆ ಬೇಕು." ಮರಡಿಯ ನೆತ್ತಿ ಹಿಡಿದು ಹೋಗುವ ಒಂದು ಹಳೆಯ ಗಾಡಿದಾರಿಯನ್ನು ಹುಡುಕಿಕೊಂಡು ಬಂದಿದ್ದೆ. ಬರೀ ಗರಸು, ಸಣ್ಣ ಕೆಂಪು ಕಲ್ಲಿನ ನೆಲ. ಜಾಲಿಯಿಲ್ಲ, ಹುಲ್ಲಿಲ್ಲ, ಕುರಿ ಮೂಸಿಯೂ ನೋಡದ ತಂಗಡಿ ಗಿಡ ಮಾತ್ರ ಹಳದಿ ಹೂ ಹೊತ್ತು ನಿಂತಿರುತ್ತದೆ. "ಕುರಿ ಕಾಯಾವ್ರು ನಾವು ಆ ಕಡೆ ಹಾಯೂದ ಇಲ್ಲ, ಅದಕ್ಕ ನೆನಪಾಗಿದ್ದಿಲ್ಲ" ಎಂದು ನಿನ್ನ ಸಮಜಾಯಿಷಿ ಬೇರೆ!

ಆ ಹಾದಿಯಲ್ಲಿ ನಾನು ಒಬ್ಬಳೇ ಹೊರಟ ಮೊದಲ ಮುಂಜಾನೆ... ಅದನ್ನು ನಿನಗೆ ಎಷ್ಟು ಸಲ ಹೇಳಿದ್ದೇನೆ, ಆದರೂ ಕೇಳು. ಊರ ಅಗಸಿ ಬಾಗಿಲು ದಾಟಿದರೆ ಗರಸು ಗಾಲಿಯ ಕೆಳಗೆ ಚರಚರ ಮಾತಾಡಲು ಶುರುಮಾಡುತ್ತದೆ. ಒಂದು ಏರು, ಒಂದು ಇಳುಕಲು, ಮತ್ತೊಂದು ಏರು. ಏರಿನಲ್ಲಿ ಉಸಿರು ಕಟ್ಟಿ ಇಳಿದು ನೂಕುವುದು, ನೆತ್ತಿಗೆ ಬಂದರೆ ಹಿಂದೆ ಬಾದಾಮಿಯ ಕೆಂಪು ಬಂಡೆಗಳು, ಕೆಳಗೆ ಜೋಳ, ಸಜ್ಜೆ, ಕುಸುಬಿಯ ಹೊಲಗಳು, ಆಚೆ ಮಲಪ್ರಭೆಯ ನೀರು ಮಿಂಚುವುದು. ಒಂದು ಮೋಟಾರಿಲ್ಲ, ಒಂದು ಹಾರನ್ನಿಲ್ಲ. ಎದುರು ಬಂದರೆ ಒಂದು ಎತ್ತಿನ ಗಾಡಿ. "ಏ ಅಕ್ಕೋರ, ಹುಷಾರ್ರಿ, ಮುಂದ ಇಳುಕಲ ಐತಿ" ಎಂದು ಅವರು ಹೇಳುವ ಮೊದಲೇ ನಾನು ಆ ಇಳುಕಲಿನಲ್ಲಿರುತ್ತಿದ್ದೆ. ಕೆಂಪಮರಡಿಗೆ ಮುಂಚೆ ಬರುವ ಆ ಉದ್ದ ಇಳುಕಲು! ಪೆಡಲ್ ತುಳಿಯುವುದೇ ಬೇಡ, ಗಾಳಿಯೇ ಒಯ್ದು ಸಾಲಿಗೆ ಮುಟ್ಟಿಸುತ್ತದೆ. ಊರ ಹೊರಗಿನ ಬೇವಿನ ಗಿಡದ ಹಿಂದೆ ಇಳಿದು, ಕಚ್ಚೆ ಬಿಚ್ಚಿ ನೆರಿಗೆ ಸರಿಮಾಡಿ, ಅಕ್ಕೋರಾಗಿ ಗಂಭೀರ ಹೆಜ್ಜೆ ಇಡುವುದು. ಗಂಟೆ ಹೊಡೆಯಲು ಇನ್ನೂ ಹೊತ್ತಿರುತ್ತಿತ್ತು. ಹೆಡ್‌ಮಾಸ್ತರು ನನ್ನನ್ನು ನೋಡಿ ತಮ್ಮ ಕೈಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು.

ಸಾಹೇಬರು ಬಂದ ದಿನಕ್ಕೆ ಬರುತ್ತೇನೆ, ತಡಿ. ರಾತ್ರಿಯಿಂದ ಮಳೆ. ಬಸ್ಸು ಬರಲಿಲ್ಲ. ನೀನು ಕಂಬಳಿಯ ಕೊಪ್ಪೆ ಮಾಡಿ ನನ್ನ ತಲೆಗೆ ಹಾಕಿ, "ಗರಸು ನೀರು ಕುಡೀತೈತಿ, ಕಾಲು ಹಿಡಿಯೂದಿಲ್ಲ. ಹೋಗು, ಹೆದರಬ್ಯಾಡ" ಅಂದೆ. ನೀನು ಹೇಳಿದ್ದು ಖರೆ. ಗಾಲಿ ಒಂದು ಸಲವೂ ಹೂತುಕೊಳ್ಳಲಿಲ್ಲ. ಸಾಲಿ ಮುಟ್ಟಿದಾಗ ಗಂಟೆ ಹೊಡೆಯುತ್ತಿತ್ತು. ತೊಯ್ದ ಸೀರೆ ಮೈಗೆ ಅಂಟಿ ಕಚ್ಚೆ ಬಿಚ್ಚಲು ಬರಲೇ ಇಲ್ಲ, ಹಾಗೆಯೇ ಕ್ಲಾಸಿಗೆ ನುಗ್ಗಿದೆ. ಮಕ್ಕಳು ಬಾಯಿ ತೆರೆದು ನೋಡುತ್ತಿವೆ, ನಾನು ಕಚ್ಚೆಯಲ್ಲಿ ನಿಂತು ಮಗ್ಗಿ ಹೇಳಿಸುತ್ತಿದ್ದೇನೆ, ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬರು. ಪ್ಯಾಂಟು ಮೊಣಕಾಲಿನ ಮೇಲೆ, ಬೂಟು ಕೈಯಲ್ಲಿ, ಕಾಲಿಗೆ ಮೊಣಕಾಲತನಕ ಕರೀ ಎರೆಮಣ್ಣಿನ ಮೆತ್ತು. ಸಾಹೇಬರ ಜೀಪು ದೊಡ್ಡ ಹಾದಿಯ ಎರೆಹೊಲದಲ್ಲಿ ಹೂತು ನಿಂತಿತ್ತು! ಹಿಂದೆ ಹೆಡ್‌ಮಾಸ್ತರು ನಶ್ಯದ ಡಬ್ಬಿ ಹಿಡಿದು ನಿಂತಿದ್ದರು. ಸಾಹೇಬರು ನನ್ನ ಕಚ್ಚೆ ನೋಡಿದರು, ನಾನು ಅವರ ಕಾಲು ನೋಡಿದೆ. ಅವರೇ ಮೊದಲು ಕೇಳಿದರು: "ಬಾಯಾರ, ಈ ಮಳ್ಯಾಗ ನೀವು ಕಾಲಿಗೆ ರಾಡಿ ಹತ್ತದಂಗ ಹೆಂಗ ಬಂದ್ರಿ?" "ಗರಸಿನ ಹಾದೀಲೆ ಬಂದೆರಿ, ಸೈಕಲ್ ಮ್ಯಾಲ" ಅಂದೆ. "ಹಂಗಾರ ಹೊಳ್ಳಿ ಹೋಗುವಾಗ ನನಗೂ ತೋರಸ್ರಿ ಆ ಹಾದಿ" ಅಂದರು. ನೌಕರಿಯ ಮಾತು ಒಂದೂ ಆಡಲಿಲ್ಲ. ನನಗೆ ಊಟ ಸೇರಲಿಲ್ಲ.

ಸಾಲಿ ಬಿಟ್ಟ ಮೇಲೆ ನಾನು ಸೈಕಲ್ಲು ನೂಕುತ್ತ, ಅವರು ಬೂಟು ಹಿಡಿದು ನಡೆಯುತ್ತ ಆ ಉದ್ದ ಇಳುಕಲನ್ನು ಏರುತ್ತಿದ್ದೆವು. ಮೇಲೆ ನೀನು ನಿಂತಿದ್ದೆ, ನನಗೆಂದು ಒಣ ಕಂಬಳಿ ಹಿಡಿದುಕೊಂಡು. "ಈ ತಮ್ಮ ಯಾರವಾ?" ನಾನು ಬಾಯಿ ತೆರೆಯುವುದರಲ್ಲಿ ಅವರೇ, "ಹಾದಿ ತಪ್ಪಿದಾಂವ್ರಿ ಅವ್ವಾರ" ಅಂದುಬಿಟ್ಟರು. ನೀನು ಅವರ ಕಾಲು ನೋಡಿದೆ. ಮುಗಿಯಿತು! "ಎರ್ಯಾಗ ಯಾಕ ಇಳಿದ್ಯೋ ತಮ್ಮಾ? ಮಳಿ ಬಂದ್ರ ಎಮ್ಮಿ ಸುದ್ದಾ ಎರಿಗೆ ಇಳಿಯೂದಿಲ್ಲ." ನಾನು ಹಿಂದಿನಿಂದ ಕಣ್ಣು ಮಾಡಿದೆ, ಕೈ ಮಾಡಿದೆ. ನೀನು ನೋಡಿದರೆ ತಾನೆ? "ನೀ ಬಾದಾಮಿ ಕಡ್ಯಾಂವ ಇದ್ದಂಗ ಕಾಣ್ತಿ. ಅಲ್ಲಿ ಯಾವನೋ ಸಾಲಿ ಸಾಹೇಬ ಅದಾನಂತ. ಸಿಕ್ರ ಒಂದು ಮಾತು ಹೇಳು. ನಮ್ಮ ಹುಡಿಗಿ ಮಳಿ ಬರ್ಲಿ, ಬಿಸಲ ಬರ್ಲಿ, ಗಂಟಿ ಹೊಡಿಯೂದ್ರಾಗ ಸಾಲ್ಯಾಗ ಇರ್ತಾಳ. ಮೊದಲ ತಡಾ ಆಗಿದ್ದು ಬಸ್ಸಿನ ತಪ್ಪು. ನೌಕರಿ ತಗಿಯೂದಿದ್ರ ಬಸ್ಸಿಂದ ತಗೀ ಅಂತ ಹೇಳು." ಸಾಹೇಬರು ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟು ಕೈ ಮುಗಿದರು. "ಹೇಳ್ತೇನ್ರಿ ಅವ್ವಾರ. ಖರೇನ ಹೇಳ್ತೇನಿ."

ನಮ್ಮ ಊರ ಹತ್ತಿರ, ಎತ್ತು ಕಟ್ಟಿ ಎಳೆಸಿ ತಂದಿದ್ದ ಜೀಪಿನ ಡ್ರೈವರ್ ಸಲಾಮು ಹೊಡೆದು, "ಗಾಡಿ ರೆಡಿ ಐತ್ರಿ ಸಾಹೇಬ್ರ" ಅಂದಾಗ ನಿನ್ನ ಮುಖ ನೋಡಬೇಕಿತ್ತು. ನೀನು ತಲೆಯ ಮೇಲಿನ ಕೊಪ್ಪೆಯನ್ನು ಮೂಗಿನತನಕ ಎಳೆದುಕೊಂಡೆ. "ಹೇಳಬಾರದೇನ ಹಾದರಗಿತ್ತಿ!" ಎಂದು ನನ್ನ ತೋಳು ಚಿವುಟಿದ್ದು ಎಂಟು ದಿನ ನೀಲಿಗಟ್ಟಿತ್ತು. ದೀಪಾವಳಿಯ ಹೊತ್ತಿಗೆ ನೌಕರಿ ಕಾಯಂ ಆದ ಆರ್ಡರು ಬಂತು. ನೀನು ಮತ್ತೆ ಸಕ್ಕರೆ ಹಂಚಿದೆ, ಈ ಸಲ ಗರಸಿನ ಹಾದಿಗೂ ಒಂದು ಮುಷ್ಟಿ ಚೆಲ್ಲಿ ಬಂದೆ. ಇರುವೆಗಳು ನಿನ್ನ ಹೆಸರು ಹೇಳಿ ತಿಂದವು.

ಆಮೇಲಿನ ರವಿವಾರಗಳು ಎಷ್ಟು ಚಂದ ಇದ್ದವು! ನೀನು ಕ್ಯಾರಿಯರ್ ಮೇಲೆ, ನಿನ್ನ ಮಡಿಲಲ್ಲಿ ರೊಟ್ಟಿಗಂಟು, ಗರಸಿನ ಮೇಲೆಯೇ ಪಟ್ಟದಕಲ್ಲಿನತನಕ ಹೋಗಿ ಹೊಳೆಯ ಬಂಡೆಯ ಮೇಲೆ ಕೂತು ಶೇಂಗಾಚಟ್ನಿ ಹಚ್ಚಿಕೊಂಡು ತಿನ್ನುವುದು. ಇಳುಕಲು ಬಂದರೆ ನೀನು ಎರಡೂ ಕಾಲು ಗಾಳಿಯಲ್ಲಿ ಎತ್ತಿ, ಕುರಿ ಕರೆಯುವಂತೆ "ಹುರ್ರೋ" ಎಂದು ಕೂಗುತ್ತಿದ್ದೆ. "ನೀನೂ ಕಲಿ ಅತ್ತೀ, ನಾ ಹಿಂದ ಹಿಡೀತೇನಿ" ಎಂದು ಎಷ್ಟು ಕೇಳಿಕೊಂಡೆ. ನಿನಗೆ ಆಸೆ ಇರಲಿಲ್ಲವೇ? ಸಂಜೆ ಸೈಕಲ್ಲು ಒರೆಸುವಾಗ ಹ್ಯಾಂಡಲ್ ಹಿಡಿದು ನಿಲ್ಲುತ್ತಿದ್ದುದನ್ನು ನಾನು ನೋಡಿಲ್ಲವೇ? ಆದರೆ ನಿನ್ನದು ಒಂದೇ ಮಾತು: "ಬ್ಯಾಡವಾ. ನಾ ಬಿದ್ದು ಗಾಲಿ ಡೊಂಕ ಆದ್ರ ನೀ ಸಾಲಿಗೆ ಹೆಂಗ ಹೋಗ್ತಿ? ಕೆಂಪಮರಡಿಗೆ ಬಸ್ಸ ಬರ್ಲಿ. ಅವತ್ತ ಈ ಸೈಕಲ್ ನನಗ ಕೊಡು. ನೀ ಬಸ್ಸಿನ್ಯಾಗ ಹೋಗು, ಆ ಇಳುಕಲದಾಗ ನಾ ಒಬ್ಬಾಕೀನ ಬರ್ತೇನಿ." ನಾನು ನಿನ್ನ ಕೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟಿದ್ದೆ.

ಆ ಬಸ್ಸು ಬರಲೇ ಇಲ್ಲವಲ್ಲ ಅತ್ತೀ. ಪ್ರತಿ ವರ್ಷ ಬರುತ್ತದೆ ಅನ್ನುತ್ತಿದ್ದರು. ನಿನಗೆ ಜ್ವರ ಬಂದು ಮಲಗಿದಾಗಲೂ ನೀನು ಕೇಳಿದ್ದು, "ಬಸ್ಸಿಂದ ಏನಾತವಾ?" "ಇನ್ನೂ ಇಲ್ಲತ್ತೀ" ಅಂದೆ. ನಿನಗೆ ಸುಳ್ಳು ಹೇಳಲು ನನಗೆ ಬರುತ್ತಿರಲಿಲ್ಲ. ನೀನು ಹೋದ ಮೇಲೆ ಬಹಳ ದಿನ ನಾನು ಆ ಇಳುಕಲಿನಲ್ಲಿ ಇಳಿದು ನಡೆದೇ ಹೋಗುತ್ತಿದ್ದೆ.

ಈಗ ಸುದ್ದಿ. ಹೋದ ಸೋಮವಾರ ಬಸ್ಸು ಬಂತು! ಎರೆಹೊಲದ ನಡುವೆ ಡಾಂಬರು ಹಾಕಿ, ಚೊಳಚಗುಡ್ಡದಿಂದ ಕೆಂಪಮರಡಿಗೆ ನೇರ ಬಸ್ಸು. ಬಾಳೆಕಂಬ, ಚೆಂಡುಹೂವಿನ ಮಾಲೆ, ಕಂಡಕ್ಟರನಿಗೂ ಕುಂಕುಮ. ಈಗ ಆ ಸಾಲಿಗೆ ನಾನೇ ಹೆಡ್‌ಬಾಯಿ. ಹಿರಿಯರು, "ಈ ಬಸ್ಸಿನ ಸಲುವಾಗಿ ನಿಮ್ಮಷ್ಟು ಕಾದಾವ್ರು ಯಾರೂ ಇಲ್ರಿ ಅಕ್ಕೋರ" ಎಂದು ನನ್ನ ಕೈಯಲ್ಲೇ ಕಾಯಿ ಒಡೆಸಿ, ಮುಂದಿನ ಸೀಟು ತೋರಿಸಿದರು. ನಾನು ಹತ್ತಲಿಲ್ಲ. ಮನೆಗೆ ಹೋಗಿ ಪೆಟ್ಟಿಗೆಯಿಂದ ನಿನ್ನ ದಾಳಿಂಬೆ ಸೀರೆ ತೆಗೆದೆ, ನೀನು ಉಡಿಸಿದಂತೆಯೇ ಕಚ್ಚೆ ಸಿಗಿಸಿದೆ, ಗರಸು ಹಿಡಿದೆ. ಹೊಲಕ್ಕೊಬ್ಬರು ಬಸ್ಸು ನಿಲ್ಲಿಸಿ ಆರತಿ ಎತ್ತುತ್ತಿದ್ದರಂತೆ. ಅದು ಊರು ಮುಟ್ಟುವುದರಲ್ಲಿ ನಾನು ಗಂಟೆ ಹೊಡೆಸಿ ಪ್ರಾರ್ಥನೆ ಮುಗಿಸಿದ್ದೆ. ಮೊದಲ ದಿನವೇ ತಡ! ಅದರ ನೌಕರಿ ತೆಗೆಯಲು ನೀನು "ತಮ್ಮಾ" ಅಂದಿದ್ದ ಆ ಸಾಹೇಬರಿಗೆ ಯಾರು ಹೇಳಬೇಕು ಈಗ?

ಅದಕ್ಕೂ ಮುಂಚೆ, ಉದ್ದ ಇಳುಕಲಿನ ನೆತ್ತಿಯಲ್ಲಿ ಒಂದು ಗಳಿಗೆ ನಿಂತೆ. ಈ ಸಲ ಇಳಿದು ನಡೆಯಲಿಲ್ಲ. ನಿನ್ನ ಸೀರೆಯಲ್ಲಿ ಎರಡೂ ಕಾಲು ಗಾಳಿಗೆ ಎತ್ತಿ ಬಿಟ್ಟೆ, ತಂಗಡಿ ಹೂವೆಲ್ಲ ಹಿಂದಕ್ಕೆ ಓಡಿದವು, ಬಾಯಿತುಂಬ "ಹುರ್ರೋ" ಎಂದು ಕೂಗಿದೆ. ಬಸ್ಸು ಬಂದ ದಿನ ಸೈಕಲ್ಲು ಕೊಡುತ್ತೇನೆಂದು ಭಾಷೆ ಕೊಟ್ಟಿದ್ದೆನಲ್ಲ, ಕೊಟ್ಟಿದ್ದೇನೆ. ಇನ್ನು ಮೇಲೆ ಆ ಸೈಕಲ್ ನಿಂದ ಅತ್ತೀ. ನಾ ಬರೇ ಹೊಡಿಯಾಕಿ.

ನಿನ್ನ ತಮ್ಮನ ಮಗಳು,
ಕಸ್ತೂರಿ